ಉಪ್ಪಿಟ್ಟು ಎಂದರೆ ಎಡಕ್ಕೆ

ಹೆಂಡತಿ ತೀರಿಕೊಂಡ ಮೇಲೆ ಕೇಶವಯ್ಯನವರು ಎಲ್ಲಿ ಕೂತರೂ ಜಪ ಮಾಡುತ್ತಿದ್ದರು. ಅಂದು ಸಿಡ್ನಿಯ ಬ್ಲ್ಯಾಕ್‌ಟೌನ್ ರೈಲು ಸ್ಟೇಷನ್ನಿನಲ್ಲಿ ಪಕ್ಕದ ಬೆಂಚಿನಿಂದ ಕನ್ನಡ ಕಿವಿಗೆ ಬಿದ್ದು ಜಪ ನಿಂತಿತು. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡ ತರುಣನೊಬ್ಬ ತನ್ನ ಅಕ್ಕನೊಂದಿಗೆ ಮಾತಾಡುತ್ತಿದ್ದ. ಒಳಾಂಗಣ ಅಮೆರಿಕನ್ ಫುಟ್‌ಬಾಲಿನ ಫೈನಲ್ಲಿನಲ್ಲಿ ಅವನ ಸಿಡ್ನಿ ತಂಡ ಆಗಷ್ಟೇ ಸೋತಿತ್ತು. ಅವನ ಭಾವ ಕೋಚ್ ಆಗಿದ್ದ ಮೆಲ್ಬರ್ನ್ ತಂಡ ಗೆದ್ದಿತ್ತು.

“ಎರಡು ಸೀಸನ್ ನಮ್ಮ ಕೋಡ್ ಯಾರಿಗೂ ಗೊತ್ತಾಗಿರಲಿಲ್ಲ ಅಕ್ಕ. ಇವತ್ತು ನಾನು ‘ಉಪ್ಪಿಟ್ಟು’ ಅಂತ ಕೂಗಿದ್ದೇ ತಡ, ಬಾಲ್ ಎಸೆಯೋ ಮೊದಲೇ ಅವರೆಲ್ಲ ನಮ್ಮ ಎಡಕ್ಕೆ ಓಡಿದ್ರು.”

“ನಿಮ್ಮ ಭಾವಂಗೆ ಕನ್ನಡ ಬರತ್ತಲ್ಲೋ.”

“ಉಪ್ಪಿಟ್ಟು ಅಂದ್ರೆ ಎಡಗಡೆ ಪಾಸ್ ಅಂತ ಯಾವ ಕನ್ನಡದಲ್ಲಿದೆ?”

“ಗೆಸ್ ಮಾಡಿರ್ತಾರೆ.”

“ಕೇಸರಿಬಾತ್ ಅಂದ್ರೆ ಮಧ್ಯದಲ್ಲಿ ನುಗ್ಗೋದು ಅಂತಾನೂ ಗೆಸ್ಸಾ? ನಮ್ಮ ಪ್ರಾಕ್ಟೀಸ್ ನೋಡಿದ ಹೊರಗಿನವಳು ನೀನೊಬ್ಬಳೇ.”

ಅಕ್ಕ ತನ್ನ ಸೂಟ್‌ಕೇಸನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಬಾಯಿತಪ್ಪಿ ಹೇಳಿಬಿಟ್ಯಾ?”

ಹೌದೆಂದುಬಿಡಲಿ ಎಂದು ಕೇಶವಯ್ಯನವರು ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡರು.

“ಇಲ್ಲ ಕಣೋ ನಿಶ್ಚಲ್. ಎಲ್ಲಾನೂ ಬರೆದುಕೊಟ್ಟೆ. ಈ ಸಲ ಸೋತಿದ್ರೆ ಅವರನ್ನ ಕೋಚ್ ಸ್ಥಾನದಿಂದ ತೆಗೀತಿದ್ರು.”

“ಮತ್ತೆ ಮೊದಲನೇ ಸಾಲಲ್ಲಿ ಕೂತು ನನ್ನ ಹೆಸರು ಕೂಗ್ತಿದ್ದೆಯಲ್ಲೇ?”

ರೈಲು ಬಂತು. ನಿಶ್ಚಲ್ ಅಕ್ಕನ ಸೂಟ್‌ಕೇಸನ್ನು ಎತ್ತಿ ಎದುರಿನ ಡಬ್ಬಿಯೊಳಗೆ ಜೋಪಾನವಾಗಿ ಇಟ್ಟು, ಅವಳು ಹತ್ತಿದ ಮೇಲೆ ಪ್ಲಾಟ್‌ಫಾರ್ಮಿನುದ್ದಕ್ಕೂ ನಡೆದುಹೋಗಿ ಕೊನೆಯ ಡಬ್ಬಿ ಹತ್ತಿದ.