ಅವ್ವಗೆ ದುಬೈ ಅಂದಿದ್ದೆ

ಮುಚ್ಚಿಟ್ರೆ ಮುಚ್ಚಿಹೋಗ್ತೈತಾ ಅದು, ಮಂಜ? ನಿನ್ನ ಅಂಗಿ ಜೇಬಿನಾಗಿಂದ ಹಳದಿ ಬಣ್ಣದ ಸಣ್ಣ ಪುಸ್ತಕ ಇಣುಕ್ತೈತಲ್ಲ, ಅಂಥದ್ದು ನನ್ನತ್ರಾನೂ ಒಂದೈತೆ. ಹಳದಿ ಜ್ವರದ ಸೂಜಿ ಹಾಕ್ಸಿದ್ದಕ್ಕೆ ಬೆಂಗಳೂರಾಗೆ ಬರ್ಕೊಡ್ತಾರೆ. ಮಸ್ಕತ್ತಿಗೆ ಅಂತ ಮನಿಯಾಗೆ ಹೇಳೀಯಲ್ಲ, ಅಲ್ಲಿಗೆ ಹೋಗೋನಿಗೆ ಆ ಸೂಜಿ ಯಾಕಲೇ? ನೋಡು, ಮಕ ಹೆಂಗಾತು! ಬೋರ್ ಕೊರೆಯೋ ಲಾರಿ ಜೊತಿಗೆ ನೀನು ಹೊಂಟಿರೋದು ಕಾಂಗೋಕ್ಕೆ ಅಂತ ನಂಗೆ ಗೊತ್ತೈತೆ. ಹೆದ್ರಬ್ಯಾಡ, ಚಿಗವ್ವಗೆ ನಾನೇನೂ ಹೇಳಾಕಿಲ್ಲ. ನಿಮ್ಮವ್ವ ಒಳಗೆ ಮಂಡಕ್ಕಿಗೆ ಒಗ್ಗರಣೆ ಹಾಕ್ತಾ ಅದಾಳೆ, ಅದು ಬರೋತನಕ ಇಲ್ಲೇ ಕಟ್ಟೆ ಮ್ಯಾಲೆ ಕೂಡು. ನಿನಗಿಂತ ಆರೇ ವರ್ಷಕ್ಕೆ ದೊಡ್ಡೋನು ನಾನು. ಆದ್ರೆ ಹನ್ನೊಂದು ದಿನದಾಗೆ ಅಜ್ಜ ಆಗಿ ಬಂದೀನಿ, ಕೇಳು.

ನಾನು ಅಂದ್ರೆ ಏನು ಅಂತ ಈ ಕಡರನಾಯಕನಹಳ್ಳಿಯಾಗೆ ಯಾರನ್ನಾದ್ರೂ ಕೇಳು. ಊರು ಬಿಡು, ದಾವಣಗೆರೆ ಮಂಡಿಪೇಟೆಯಾಗೆ ಕೇಳು. ಗಿರಣಿ ಮಷಿನ್ ರಿಪೇರಿ ಅಂಗಡಿಯಾಗೆ ಇದ್ನಲ್ಲ, ಸಾವ್ಕಾರ್ರು ನಟ್ಟು ಮುಟ್ಟೋಕೆ ಮುಂಚೆ "ಕೊಟ್ರೇಶಿನ್ನ ಕರೀರಿ" ಅಂತಿದ್ರು. ಕಣ್ಣು ಮುಚ್ಕಂಡು, ಬರೀ ಸದ್ದು ಕೇಳಿ, ಯಾವ ಬೇರಿಂಗ್ ಹೋಗೈತೆ ಅಂತ ಹೇಳ್ತಿದ್ದೆ. ಈಗ್ಲೂ ಹೇಳ್ತೀನಿ. ಅದಕ್ಕೇ ಏಜೆಂಟು ನನ್ನೇ ಹುಡುಕ್ಕೊಂಡು ಬಂದ. ಸುಡಾನಿನಾಗೆ ಹಿಟ್ಟಿನ ಗಿರಣಿ, ಫಿಟ್ಟರ್ ಕೆಲ್ಸ. ಆ ಕಡೆ ಗುಂಡು ಹಾರ್ತಾವೆ ಅಂತ ಅವ್ವ ಟೀವಿಯಾಗೆ ನೋಡಿದ್ಲು, ನಿಜ ಹೇಳಿದ್ರೆ ಬಾಗ್ಲಿಗೆ ಅಡ್ಡ ಮಲಗ್ತಿದ್ಲು. ಅದಕ್ಕೆ ದುಬೈ ಅಂದೆ. ಅದೊಂದೇ ಅಲ್ಲ, ನಿಂಗ್ಯಾಕೆ ಸುಳ್ಳು ಹೇಳ್ಲಿ, ದುಬೈ ಅಂದ್ರೆ ಊರಾಗೆ ನಮ್ಮ ಗತ್ತೇ ಬ್ಯಾರೆ. ವಿಮಾನ ಬದಲಾಯ್ಸೋಕೆ ದುಬೈಯಾಗೆ ಆರು ತಾಸು ಕೂಡ್ಸಿದ್ರು. ಆರು ತಾಸಿನಾಗೆ ನಲವತ್ತು ಫೋಟೋ ಹೊಡ್ಕಂಡೆ. ಆಮೇಲೆ ವರ್ಷಪೂರ್ತಿ ಅವನ್ನೇ ಒಂದೊಂದಾಗಿ ಮನಿಗೆ ಕಳಿಸ್ದೆ. "ಎಲ್ಲಾದ್ರಾಗೂ ಒಂದೇ ಅಂಗಿ ಐತಲ್ಲ, ಯಾಕ?" ಅಂತ ಅತ್ತಿಗಿ ಕೇಳಿದ್ಲು. "ಕಂಪನಿ ಡ್ರೆಸ್ಸು ಅತ್ತಿಗಿ" ಅಂದೆ. ನಂಬಿದ್ಲು. ನಗಬ್ಯಾಡಲೇ, ಮುಂದೆ ಕೇಳು.

ಅಲ್ಲಿ ನನ್ನ ರೂಮಿನಾಗೆ ಇದ್ದೋನು ಹರಿಹರದ ಹಾಲೇಶಣ್ಣ, ಗಿರಣಿಯ ಎಲೆಕ್ಟ್ರಿಷಿಯನ್. ಅವನಂಥ ಪುಕ್ಕಲನ್ನ ನಾನು ನೋಡೇ ಇಲ್ಲ ಅನ್ಕಂಡಿದ್ದೆ. ನೀರು ಕಾಯ್ಸಿ, ಆರ್ಸಿ, ಬಾಟ್ಲಿಗೆ ತುಂಬಿ, ಹಲ್ಲುಜ್ಜೋಕೂ ಅದೇ ನೀರು. ಸೊಳ್ಳೆ ಪರದೆಯ ನಾಕೂ ಮೂಲೆ ಹಾಸಿಗಿ ಕೆಳಗೆ ಸಿಗಿಸಿ, ಕೈಯಾಡ್ಸಿ ನೋಡಿ ಮಲಗೋದು. ಪಾಸ್‌ಪೋರ್ಟಿನ ಜೆರಾಕ್ಸು ಮೂರು: ಒಂದು ಬ್ಯಾಗಿನಾಗೆ, ಒಂದು ಬನಿಯನ್ನಿಗೆ ಒಳಜೇಬು ಹೊಲ್ಸಿ ಅದ್ರಾಗೆ, ಒಂದು ಹರಿಹರದಾಗೆ ಹೆಂಡ್ತಿ ಹತ್ರ. ಇಳಿದ ದಿನಾನೇ ನಮ್ಮ ದೇಶದ ಎಂಬಸಿಗೆ ಫೋನ್ ಹಚ್ಚಿ, ನಾನು ಇಂಥವ, ಇಂಥ ಗಿರಣಿಯಾಗೆ ಅದೀನಿ ಅಂತ ಬರೆಸಿದ್ದ. "ನೀನೂ ಬರೆಸಪ್ಪ ಕೊಟ್ರೇಶಿ" ಅಂದ. "ಹೆಸರು ಬರೆಸೋಕೆ ನಾನೇನು ಸಂತಿಯಾಗೆ ಕಳೆದ್ಹೋಗೋ ಕೂಸಾ?" ಅಂದೆ. "ನೀರಾದ್ರೂ ಕಾಯ್ಸಿ ಕುಡಿ." "ಅಣ್ಣಾ, ತುಂಗಭದ್ರೆ ನೀರು ಬೊಗಸಿಯಾಗೆ ಎತ್ತಿ ಕುಡಿದ ಹೊಟ್ಟಿ ಇದು, ಕಬ್ಬಿಣ ಹಾಕಿದ್ರೂ ಅರೀತೈತೆ." ಅವನಿಗೆ ಅಜ್ಜಿ ಅಂತ ಹೆಸರಿಟ್ಟೆ. ಎಲ್ಲರ ಮುಂದೆ ಅಜ್ಜಿ, ಅಜ್ಜಿ ಅಂತ ಕರೀತಿದ್ದೆ.

ಒಂದು ಬೆಳಗ್ಗೆ ಗಿರಣಿ ಬೆಲ್ಟ್ ಏರಿಸ್ತಿದ್ದೆ, ಡಬ್ ಅಂತು. "ಬೇರಿಂಗ್ ಹೋತು" ಅಂದೆ. ಹಾಲೇಶಣ್ಣ ನನ್ನ ಮಕ ನೋಡ್ದ. "ಇನ್ನೂ ಮಷಿನ್ ಚಾಲೂನೇ ಮಾಡಿಲ್ಲಪ್ಪ" ಅಂದ. ಅಷ್ಟೊತ್ತಿಗೆ ಇನ್ನೊಂದು, ಮತ್ತೊಂದು. ಆ ದೇಶದ ಎರಡು ಪಡೆಗಳೇ ಬೀದಿಯಾಗೆ ಹೊಡೆದಾಡ್ತಿದ್ವು. ಗಿರಣಿ ಗೇಟಿಗೆ ಒಳಗಿಂದ ಸರಪಳಿ ಬಿಗಿದ್ವಿ, ನಾವಿಬ್ರು, ಬಿಹಾರದೋರು ನಾಕು ಜನ. ಮಾಲೀಕ ಆಗ್ಲೇ ಪರಾರಿ. ನಮ್ಮ ಪಾಸ್‌ಪೋರ್ಟೆಲ್ಲ ಅವನ ಆಫೀಸಿನ ಬೀರುವಿನಾಗೆ, ಆ ಆಫೀಸು ಊರಿನ ಆ ಕಡೆ. ಕರೆಂಟ್ ಹೋತು, ನೆಟ್ ಹೋತು, ನನ್ನ ಫೋನ್ ಸತ್ತೋತು. ಹಿಟ್ಟಿನ ಚೀಲ ಗೋಡಿಗೆ ಒಟ್ಟಿ ಅದರ ಹಿಂದೆ ಕೂಡೋದು, ಮಲಗೋದು, ಸುಮ್ನೆ ಇರೋದು. ಎರಡು ಹೆಜ್ಜಿ ಆ ಕಡೆ ಕಿಟಕಿ, ಅಲ್ಲಿಗೆ ಹೋಗಂಗಿಲ್ಲ. ನಂಗೆ ಗೊತ್ತಿತ್ತಲ್ಲ ಸದ್ದು ಕೇಳಿ ಹೇಳೋ ವಿದ್ಯೆ? ಅಲ್ಲಿ ಅದೇ ಶಾಪ ಆತು. ಯಾವುದು ದೂರ, ಯಾವುದು ಹತ್ರ, ಬ್ಯಾಡಂದ್ರೂ ಕಿವಿ ಲೆಕ್ಕ ಹಾಕ್ತಿತ್ತು.

ಐದನೇ ದಿನಕ್ಕೆ ಟ್ಯಾಂಕಿನ ನೀರು ತಳ ಕಂಡ್ತು. ಹಿತ್ತಲಾಗೆ ಮಷಿನ್ ತೊಳಿಯೋ ನೀರಿನ ಡ್ರಮ್ ಇತ್ತು. ಹಾಲೇಶಣ್ಣ ಮುರುಕು ಹಲಿಗಿ ಹೊತ್ತಿಸಿ ಕಾಯ್ಸೋಕೆ ಕುಂತ. ನಂಗೆ ತಡೆಯೋಕಾಗ್ಲಿಲ್ಲ, ಬಿಹಾರದೋರು ನೋಡ್ತಾ ಇದ್ರು ಬ್ಯಾರೆ, ಡ್ರಮ್ಮಿಗೇ ತಂಬಿಗಿ ಅದ್ದಿ ಗಟಗಟ ಕುಡಿದು ಮೀಸಿ ಒರೆಸ್ಕಂಡೆ. "ನೋಡ್ರಿ, ಏನಾತು?" ಅಂದೆ. ಆವತ್ತು ಏನೂ ಆಗ್ಲಿಲ್ಲ. ಮಾರನೇ ದಿನ ಮಧ್ಯಾಹ್ನದಿಂದ ಶುರುವಾತು ನೋಡು, ಅಯ್ಯಪ್ಪ! ಪಾಯಖಾನಿ ಇದ್ದಿದ್ದು ಅಂಗಳದ ಆ ತುದಿಗೆ. ಗುಂಡಿನ ಸದ್ದಿನಾಗೆ ಬಗ್ಗಿ ಬಗ್ಗಿ ಓಡೋದು, ಓಡಿ ಬರೋದು. ಆಮೇಲೆ ಓಡೋ ಶಕ್ತಿನೂ ಹೋತು. ಅಜ್ಜಿ ಅಂತಿದ್ನಲ್ಲ, ಅವನೇ ಕಾಯ್ಸಿದ ನೀರಿಗೆ ಉಪ್ಪು ಸಕ್ರಿ ಬೆರೆಸಿ ಚಮಚದಾಗೆ ಬಾಯಿಗೆ ಹನಿಸ್ದ. ನನ್ನ ಚಡ್ಡಿ ತೊಳದ. ಒಂದು ಸಲಾನೂ ಆಡ್ಕೊಳ್ಳಲಿಲ್ಲ. ಅದೇ ನಂಗೆ ಹೆಚ್ಚು ಉರೀತು.

ಎಂಟನೇ ದಿನ, ಹಾಲೇಶಣ್ಣ ಆಫ್ ಮಾಡಿ ಚಾರ್ಜು ಉಳಿಸಿದ್ದ ಫೋನಿಗೆ ಅವನ ಹೆಂಡ್ತಿ ಸಿಕ್ಲು. ಇನ್ನು ಮೂರು ದಿನಕ್ಕೆ ದೊಡ್ಡ ರಸ್ತಿಗೆ ಬಸ್ಸು ಬರ್ತಾವಂತೆ, ಹೆಸರಿನ ಪಟ್ಟಿ ಮಾಡ್ತಾ ಅದಾರಂತೆ, ಆಕಿ ಜೆರಾಕ್ಸು ತಗಂಡು ದಾವಣಗೆರೆ ಡಿಸಿ ಆಫೀಸಿಗೆ ಹೋಗಿ ಗಂಡನ ಹೆಸರು ಸೇರ್ಸಿದ್ಲಂತೆ. ನನ್ನ ಹೆಸರೂ ಹೇಳಿದ್ಲಂತೆ. ಅಲ್ಲಿಂದ ನಮ್ಮವ್ವಗೆ ಫೋನ್ ಹೋಗೈತೆ, ನಿಮ್ಮ ಮಗ ಸುಡಾನಿನಾಗೆ ಹರಿಹರದ ಹಾಲೇಶನ ಜೊತಿಗೆ ಅದಾನೆ ಅಂತ. ಅವ್ವ ಏನಂದ್ಲು ಗೊತ್ತಾ? "ನಮ್ಮ ಕೊಟ್ರ ದುಬೈಯಾಗೆ ಏಸಿ ರೂಮಿನಾಗೆ ಅದಾನ್ರಿ. ನೀವು ಹೇಳೋನು ಬ್ಯಾರೆ ಯಾರೋ, ಪಾಪ, ಅವನ ತಾಯಿಗೆ ತಿಳಿಸ್ರಿ." ಪಾಸ್‌ಪೋರ್ಟಿನ ಜೆರಾಕ್ಸು ಕೇಳಿದ್ದಕ್ಕೆ ಕಟ್ ಮಾಡಿದ್ಲು. ಯಾರೇ ಫೋನ್ ಮಾಡಿ ಕಾಗದ ಪತ್ರ ಕೇಳಿದ್ರೂ ಕಟ್ ಮಾಡು, ಎಲ್ಲ ಮೋಸಗಾರ್ರು ಅಂತ ಕಲಿಸಿದ್ದು ಯಾರು? ನಾನೇ.

ಈಗ ನಾನೇ ಫೋನ್ ಮಾಡ್ಬೇಕು, ಬ್ಯಾರೆ ದಾರಿ ಇಲ್ಲ. ಆದ್ರೆ ನಾಲಿಗಿ ಏಳವಲ್ದು. ಅತ್ತಿಗಿ ಏನಂತಾಳೆ, ಊರಾಗೆ ಹೆಂಗೆ ತಲಿ ಎತ್ಲಿ, ಇದೇ ಯೋಚ್ನೆ. ಸಾಯೋಕೆ ಬಿದ್ದೀನಿ, ಯೋಚ್ನೆ ಮಾತ್ರ ಇದು! ಒಂದಿಡೀ ದಿನ ನಾಳೆ ಮಾಡ್ತೀನಿ ಅಂತ ತಳ್ಳಿದೆ. ಕೊನಿಗೆ ಹಾಲೇಶಣ್ಣ ಫೋನ್ ನನ್ನ ಎದಿ ಮ್ಯಾಲಿಟ್ಟ. "ಚಾರ್ಜು ನಾಕು ಪರ್ಸೆಂಟ್ ಐತೆ. ನಿನ್ನ ಬಿಟ್ಟು ನಾನು ಬಸ್ ಹತ್ತಂಗಿಲ್ಲ, ನಂಗೂ ಇಬ್ರು ಹೆಣ್ಮಕ್ಳು ಅದಾವೆ. ನೋಡು ಮತ್ತೆ" ಅಂದ.

ಹಚ್ಚಿದೆ. "ಅವ್ವಾ, ನಾನು ಕೊಟ್ರ. ನಾನು ದುಬೈಯಾಗಿಲ್ಲ ಬೇ, ಸುಡಾನಿನಾಗೆ ಸಿಕ್ಕಾಕ್ಕೊಂಡೀನಿ. ಹೆದ್ರಿಕಿ ಆಗ್ತೈತೆ ಬೇ" ಅಂದೆ. ಬಸಿದ್ಹೋದ ನನ್ನ ದನಿ ನಂಗೇ ಗುರುತು ಸಿಗವಲ್ದು. ಆ ಕಡಿಂದ ಏನು ಬಂತು ಅಂತೀಯ? "ಯಾವನಲೇ ನೀನು ಕಳ್ಳ? ನನ್ನ ಮಗ ಹೆದ್ರಿಕಿ ಅನ್ನೋ ಮಾತು ಹುಟ್ಟಿದಾಗಿನಿಂದ ಆಡಿಲ್ಲ. ಇಡಲೇ ಫೋನು!" ನೋಡು ಮಂಜ, ನನ್ನ ಜಂಬ ನನಗಿಂತ ಮುಂಚೆ ನಮ್ಮನಿ ಬಾಗ್ಲಾಗೆ ಹೋಗಿ ಕುಂತಿತ್ತು, ನನ್ನನ್ನೇ ಒಳಗೆ ಬಿಡ್ಲಿಲ್ಲ. ಇಡಬ್ಯಾಡ ಬೇ, ಇಡಬ್ಯಾಡ ಅಂದೆ. ಮೂರು ಪರ್ಸೆಂಟು. ನಾನೇ ಅವಳ ಮಗ ಅಂತ ಅವ್ವಗೆ ಗೊತ್ತಾಗೋ ಅಂಥ ಮಾತು ಒಂದೇ ಇತ್ತು. ಹಾಲೇಶಣ್ಣ ಎದುರಿಗೇ ಕುಂತಾನೆ, ಆದ್ರೂ ಹೇಳಿದೆ.

"ಉಕ್ಕಡಗಾತ್ರಿ ಗುಡಿಗೆ ಅಮಾವಾಸಿ ದಿನ ಕರ್ಕಂಡು ಹೋಗಿದ್ಯಲ್ಲ ಬೇ, ನಂಗೆ ಹತ್ತು ವರ್ಷ. ದೆವ್ವ ಮೈಮ್ಯಾಲೆ ಬಂದೋರು ಕೂದಲು ಬಿಟ್ಕಂಡು ಕೂಗೋದು ನೋಡಿ ನಾನು ಚಡ್ಡಿಯಾಗೆ ಉಚ್ಚಿ ಹೊಯ್ಕಂಡು ನಿನ್ನ ಸೆರಗಿನಾಗೆ ಅವಿತ್ಕಂಡೆ. ನದಿಯಾಗೆ ಚಡ್ಡಿ ತೊಳದು, ಕಾಲು ಜಾರಿ ನೀರಿಗೆ ಬಿದ್ದ ಅಂತ ಎಲ್ಲರಿಗೂ ಹೇಳಿದ್ದೆ ನೀನು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ದೆ ನಾನು."

ಅಳ್ತಾಳೆ ಅನ್ಕಂಡೆ. ಅಳಲಿಲ್ಲ. "ಯಾವ ಟ್ರಂಕಿನಾಗೈತೆ ಅವ್ರು ಕೇಳಿದ ಪಾಸ್‌ಪೋರ್ಟಿನ ಕಾಗದ?" ಅಂದ್ಲು. ಏಜೆಂಟಿಗೆ ಅಂತ ತೆಗ್ಸಿದ್ದ ಜೆರಾಕ್ಸು ಒಂದು ಮನಿಯಾಗೆ ಉಳಿದಿತ್ತು. "ಮಂಚದ ಕೆಳಗಿಂದು, ನನ್ನ ಮಾರ್ಕ್ಸ್ ಕಾರ್ಡಿನ ಜೊತಿಗೆ" ಅಂದೆ. ಫೋನ್ ಸತ್ತೋತು. ಕೇಳಿಸ್ಕಂಡ್ಲೋ ಇಲ್ಲೋ ಗೊತ್ತಿಲ್ಲ. ಅವೆರಡು ದಿನ ಹೆಂಗೆ ಕಳದೆ ಅಂತ ಕೇಳಬ್ಯಾಡ.

ಕೇಳಿಸ್ಕಂಡಿದ್ಲು. ಬೆಳಗಿನ ಬಸ್ಸಿಗೇ ಹರಿಹರಕ್ಕೆ ಹೋಗಿ, ಹಾಲೇಶಣ್ಣನ ಹೆಂಡ್ತಿ ಮನಿ ಹುಡುಕಿ, ಇಬ್ರೂ ದಾವಣಗೆರೆಗೆ ಹೋಗಿ ಹೆಸರು ಬರೆಸಿಯೇ ನೀರು ಕುಡಿದ್ರಂತೆ. ಹನ್ನೊಂದನೇ ದಿನ ಬಸ್ಸು ನಿಲ್ಲೋ ಜಾಗಕ್ಕೆ ನನ್ನ ಹೆಗಲ ಮ್ಯಾಲೆ ಹೊತ್ತು ತಂದೋನು ಅದೇ ಅಜ್ಜಿ. ಬಸ್ಸು, ಹಡಗು, ವಿಮಾನ, ಅದೆಲ್ಲ ಇನ್ನೊಂದಿನ ಹೇಳ್ತೀನಿ. ಹರಿಹರ ಬಸ್‌ಸ್ಟ್ಯಾಂಡಿನಾಗೆ ಅರ್ಧ ಊರೇ ಬಂದಿತ್ತು. ಅವ್ವ ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗ್ಸಿ ನೋಡಿ, ಎಲ್ಲರಿಗೂ ಕೇಳಂಗೆ ಒಂದೇ ಮಾತು ಕೇಳಿದ್ಲು: "ದುಬೈ ಹೆಂಗಿತ್ತಪ್ಪ?"

ನಗು, ನಗು. ಈಗ ನಕ್ರೆ ನಂಗೇನಿಲ್ಲ. ಕಾಂಗೋಕ್ಕೆ ಹೋಗಬ್ಯಾಡ ಅನ್ನೋ ಗಂಡಸು ನಾನಲ್ಲ, ಹೋಗು, ದುಡಿ. ನೀರು ಕಾಯ್ಸಿ ಕುಡಿ, ಪರದೆ ಕಟ್ಟು, ಜೆರಾಕ್ಸು ಮನಿಯಾಗೆ ಇಡು, ಇಳಿದ ದಿನಾನೇ ಎಂಬಸಿಯಾಗೆ ಹೆಸರು ಬರೆಸು. ಅವೆಲ್ಲ ಆಮೇಲಿನ ಮಾತು. ನಿನ್ನ ಹುಡುಕೋರಿಗೆ ನೀನೆಲ್ಲಿದ್ದೀಯ ಅನ್ನೋದೇ ಗೊತ್ತಿಲ್ಲಂದ್ರೆ ಹೆಂಗೆ ಹುಡುಕ್ಬೇಕು ಅವ್ರು? ನಾನು ಹೇಳಾಕಿಲ್ಲ ಅಂದಿದ್ನಲ್ಲ, ಹೇಳಾಕಿಲ್ಲ. ಚಿಗವ್ವಾ! ಏ ಚಿಗವ್ವಾ! ಮಂಡಕ್ಕಿ ಆಮೇಲೆ ತಿಂತೀವಿ, ಒಲಿ ಸಣ್ಣ ಮಾಡಿ ಹೊರಗೆ ಬಾ. ನಿನ್ನ ಮಗ ನಿಂಗೊಂದು ದೇಶದ ಹೆಸರು ಹೇಳ್ತಾನಂತೆ.