ಹದಿನೆಂಟನೇ ಹೆದ್ದಾರಿಯ ಕಲ್ಲು

ಮಂಡಿನೋವಿನ ಮಾತ್ರೆಗೆಂದು ಆಸ್ಪತ್ರೆಯ ಬೆಂಚಿನಲ್ಲಿ ಕಾಯುತ್ತಿದ್ದ ಅಜ್ಜಿಯ ಪಕ್ಕದಲ್ಲೇ, ಆ ಬೆಳಗ್ಗೆ ಗಂಡನನ್ನು ಕಳೆದುಕೊಂಡವಳೊಬ್ಬಳು ಅಣ್ಣನೊಂದಿಗೆ ಕೂತಿದ್ದಳು. ಅಣ್ಣ ರಸ್ತೆ ಕೆಲಸದಿಂದ ನಿವೃತ್ತನಾದವನು. ಬೇಡವೆಂದರೂ ಅವರ ಮಾತು ಅಜ್ಜಿಯ ಕಿವಿಗೆ ಬೀಳುತ್ತಿತ್ತು.

“ಬೈಕಿಂದ ಬಿದ್ದಾಗ ಇನ್ನೂ ಮಾತಾಡ್ತಿದ್ರು ಅಣ್ಣ. ಸುತ್ತ ಊರಿಲ್ಲ, ಮನೆಯಿಲ್ಲ. ಮೈಲಿಗಲ್ಲು ನೋಡ್ಕೊಂಡು ಆಂಬುಲೆನ್ಸಿನವರಿಗೆ ಫೋನಲ್ಲಿ ಹದಿನೆಂಟನೇ ಹೆದ್ದಾರಿ, ಒಂಬತ್ತನೇ ಕಲ್ಲು ಅಂದೆ.”

“ಆ ರಸ್ತೇನ ಹೋದ ವರ್ಷವೇ ಹೆದ್ದಾರಿ ಪಟ್ಟಿಯಿಂದ ತೆಗೆದ್ರಲ್ಲಮ್ಮ. ಆ ನಂಬರ್ ಈಗ ಹೊಳೆಯಾಚೆ ರಸ್ತೆಗೆ ಕೊಟ್ಟಿದ್ದಾರೆ.”

“ಅಲ್ಲಿಗೇ ಹೋಗಿ ಒಂದೂವರೆ ಗಂಟೆ ಹುಡುಕಿದ್ರಂತೆ. ನಂಗೇನು ಗೊತ್ತು? ಕಲ್ಲಿನ ಮೇಲೆ ನಿನ್ನೆ ಬರೆದ ಹಾಗೆ ಹೊಳೀತಿತ್ತು. ಬರೆದವನ ಕೈ ಸೇದಿಹೋಗ!”

ಅಣ್ಣ ಗೋಡೆಯ ಕಡೆ ತಿರುಗಿದ.

“ನಾನೇ ಕಣಮ್ಮ ಬರೆದಿದ್ದು. ಪಟ್ಟಿಯಿಂದ ತೆಗೆದ ಮೇಲೆ ಬಿಟ್ಟುಬಿಡು ಅಂದಿದ್ರು ಆಫೀಸಿನವರು. ಮೂವತ್ತು ವರ್ಷ ಬಣ್ಣ ಬಳಿದ ಕಲ್ಲು, ಮಾಸಿದ್ದು ನೋಡೋಕಾಗಲಿಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿ ಆಳೊಬ್ಬ ಇಣುಕಿದ.

“ಹೆಣ ವ್ಯಾನಿಗೆ ಎತ್ತಬೇಕು. ನಿಮ್ಮ ಕಡೆಯವರು ಒಬ್ಬರು ಬನ್ನಿ.”

ಅಣ್ಣ ಏಳಲಿಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ಕೂತ.

“ಏಳಣ್ಣ,” ಎಂದಳು ತಂಗಿ, ಅವನ ಮುಖ ನೋಡದೆ. “ಹೊರೋಕೆ ಬೇರೆ ಯಾರ ಕೈ ಇದೆ ನಂಗೆ?”

ಅವಳು ಮುಂದೆ ನಡೆದಳು. ಅವನು ಹಿಂದೆ ಹೋದ.