ಪಚ್ಚೆಯೊಳಗಿನ ಮೂರು ಗೆರೆ

ನನ್ನ ಹೆಸರು ಶರೀಫ, ತಂದೆ ದಿವಂಗತ ಮೌಲಾಸಾಬ, ವಯಸ್ಸು 61, ಉದ್ಯೋಗ ಆಭರಣಗಳಿಗೆ ಹರಳು ಕೂರಿಸುವುದು, ಮೂಲ ಊರು ವಿಜಯಪುರ, ಈಗಿನ ವಾಸ ಧಾರಾವಿ, ಮುಂಬೈ. ಪೊಲೀಸರು ಕರೆಸಿದ್ದರಿಂದ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಾನು 38 ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಾನು ಕೂರಿಸಿದ ಹರಳನ್ನು ಎಲ್ಲಿದ್ದರೂ ಗುರುತಿಸುತ್ತೇನೆ, ಅದರಲ್ಲಿ ಯಾರಿಗೂ ಅನುಮಾನ ಬೇಡ. 2011ರಲ್ಲಿ ಮುಲುಂಡ್‌ನ ಅನುರಾಧಾ ಶೆಟ್ಟಿಯವರ ಯಜಮಾನರಿಗೆ ಪಚ್ಚೆಯ ಉಂಗುರ ಮಾಡಿಕೊಟ್ಟಿದ್ದೆ. ಹೋಟೆಲ್ ವ್ಯಾಪಾರಕ್ಕೆ ಬುಧನ ಬಲ ಬೇಕೆಂದು ಜೋಯಿಸರು ಹೇಳಿದ್ದರಂತೆ.

ಇಂದು ಬೆಳಿಗ್ಗೆ 10.40ಕ್ಕೆ ಸಾಯನ್‌ನಲ್ಲಿ ಲೋಕಲ್ ಹತ್ತಿ 11.25ಕ್ಕೆ ಮುಲುಂಡ್ ಪೊಲೀಸ್ ಠಾಣೆ ತಲುಪಿದೆ. ಅನುರಾಧಾ ಅವರು ಕುರ್ಚಿಯಲ್ಲಿದ್ದರು. ಅವರ ಮನೆಗೆಲಸದ ಕಾಶವ್ವ, ವಯಸ್ಸು ಸುಮಾರು 45, ಐದು ಅಡಿ ದೂರದಲ್ಲಿ ನಿಂತಿದ್ದರು. ಪಕ್ಕದ ಕುರ್ಚಿ ಖಾಲಿಯೇ ಇತ್ತು. ತಮ್ಮ ಮಗಳು ನಮಿತಾಳ ನಿಶ್ಚಿತಾರ್ಥಕ್ಕೆ ಉಂಗುರ ತೆಗೆದು ತೊಳೆದು ನೋಡಿದಾಗ ಕಲ್ಲು ಬೆಳ್ಳಗೆ ಬಿರುಕು ಬಿಟ್ಟಿತ್ತೆಂದೂ, ಕಾಶವ್ವ ಅಸಲಿ ಕಲ್ಲು ಕಿತ್ತು ನಕಲಿ ಇಟ್ಟಿದ್ದಾಳೆಂದೂ, ನೀವೇ ನೋಡಿ ಹೇಳಿ ಎಂದೂ ಅನುರಾಧಾ ಅವರು ನನಗೆ ಹೇಳಿದರು. ನನ್ನ ಕೈ ಅದಕ್ಕ ಮುಟ್ಟೇ ಇಲ್ರೀ, ಬಿಲ್ಡಿಂಗ್ ಸೊಸೈಟಿ ಗೇಟಿಗಿ ಕಳ್ಳಿ ಅಂತ ನನ್ನ ಫೋಟೋ ಹಚ್ಯಾರ, ನಾಕೂ ಮನಿ ಕೆಲ್ಸ ಹೋತು ಎಂದು ಕಾಶವ್ವ ಅತ್ತರು.

11.40ಕ್ಕೆ ಭೂತಗನ್ನಡಿಯಲ್ಲಿ ಕಲ್ಲನ್ನು ಪರೀಕ್ಷಿಸಿದೆ. ಬಲಮೂಲೆಯ ಒಳಗೆ ಬೆಕ್ಕಿನ ಮೀಸೆಯಂಥ ಮೂರು ಗೆರೆಗಳಿವೆ. ಅವು ಹುಟ್ಟುಗುರುತು, 2011ರ ನನ್ನ ಕೆಲಸದ ಪುಸ್ತಕದಲ್ಲಿ ಅದರ ಚಿತ್ರ ಬರೆದಿಟ್ಟಿದ್ದೇನೆ, ತೋರಿಸಿದ್ದೇನೆ. ಕಲ್ಲು ಅದೇ. ಪಚ್ಚೆ ವಜ್ರದಂತಲ್ಲ. ಅದರೊಳಗೆ ಹುಟ್ಟಿನಿಂದಲೇ ಸಣ್ಣ ಬಿರುಕುಗಳಿರುತ್ತವೆ, ಅವು ಕಾಣದಂತೆ ಎಣ್ಣೆ ಕುಡಿಸಿರುತ್ತಾರೆ. ಬಿಸಿನೀರು, ಸೋಪು ತಗುಲಿದರೆ ಎಣ್ಣೆ ಹೊರಟು ಬಿರುಕು ಬಿಳಿಯಾಗಿ ಕಾಣುತ್ತದೆ. ತಣ್ಣೀರಲ್ಲಿ ನೆನೆಸಿದ ಮೆತ್ತನೆ ಬಟ್ಟೆಯಲ್ಲಿ ಮಾತ್ರ ಒರೆಸಬೇಕು ಎಂದು ಉಂಗುರ ಕೊಡುವಾಗಲೇ ಹೇಳಿದ್ದೆ.

ಉಂಗುರ ಹೇಗೆ ತೊಳೆದಿರಿ ಎಂದು ಕೇಳಿದೆ. ಅನುರಾಧಾ ಅವರು, ಅಯ್ಯೋ, ಚಿನ್ನ ಹೊಳೀಲಿ ಅಂತ ಅಂಟುವಾಳದ ನೀರಲ್ಲಿ ಕುದಿಸಿದ್ದೆ, ನಮ್ಮಲ್ಲಿ ಬಂಗಾರ ಎಲ್ಲಾ ಹಾಗೇ ಅಲ್ವಾ ತೊಳೆಯೋದು ಮಾರಾಯ್ರೆ ಎಂದರು. ನನಗೆ ಸಿಟ್ಟು ಬಂತು. ಬಂಗಾರ ಕುದ್ದರೂ ಬಂಗಾರವೇ, ಪಚ್ಚೆ ಕುದಿಸುವ ವಸ್ತುವಲ್ಲ ಎಂದೆ. 12.10ಕ್ಕೆ ನನ್ನ ಡಬ್ಬಿಯ ಎಣ್ಣೆ ಎರಡು ಹನಿ ಹಾಕಿದೆ. 12.30ಕ್ಕೆ ಒಂದು ಬಿಳಿ ಬಿರುಕು ಮಸುಕಾಗಿದ್ದನ್ನು ಪಿ.ಎಸ್.ಐ. ಸಾಹೇಬರೂ ನೋಡಿದರು.

ಎಂಟು ದಿನದಲ್ಲಿ ಕಲ್ಲನ್ನು ಮೊದಲಿನಂತೆ ಮಾಡಿಕೊಡುತ್ತೇನೆ, ಗೇಟಿನ ಫೋಟೋ ಮಾತ್ರ ಈಗಲೇ ತೆಗೆಸಿ ಎಂದು ಅನುರಾಧಾ ಅವರಿಗೆ ಹೇಳಿದೆ. ಅವರು ನಮ್ಮೆದುರೇ ವಾಚ್‌ಮನ್‌ಗೆ ಫೋನ್ ಮಾಡಿದರು.

ನಾನು ಕನ್ನಡದಲ್ಲಿ ಹೇಳಿದ್ದನ್ನೇ ಬರೆದುಕೊಂಡು ಓದಿ ಕೇಳಿಸಿದ್ದಾರೆ, ಒಂದಕ್ಷರವೂ ಸುಳ್ಳಲ್ಲ. ಸಹಿಗೆ ಮೊದಲು ಒಂದು ಸಾಲು ಸೇರಿಸಲು ಕೇಳಿಕೊಂಡಿದ್ದೇನೆ: 12.50ಕ್ಕೆ ಕಾಶವ್ವ ಆ ಖಾಲಿ ಕುರ್ಚಿಯಲ್ಲಿ ಕುಳಿತರು.

ಸ್ಥಳ: ಮುಲುಂಡ್
ದಿನಾಂಕ: 12-02-2026
ಸಹಿ: ಶರೀಫ